ತಲೆ ಎಣಿಸಿದರೆ ಸಾಲದು, ಪೀರಿಯಡ್ ಎಣಿಸಿ

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಶಿವಮೊಗ್ಗ ಜಿಲ್ಲೆ ರಾಜ್ಯಕ್ಕೆ ನಾಲ್ಕನೆಯದಾಗಿ ಬಂತು. ಖುಷಿಯ ಸಂಗತಿಯೇ. ಆದರೆ ಆ ಸ್ಥಾನವನ್ನು ನೋಡಿ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಭಾಗದ ಸರ್ಕಾರಿ ಪ್ರೌಢಶಾಲೆಗಳಲ್ಲೂ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಜಿಲ್ಲೆಯ ಸರಾಸರಿಯಲ್ಲಿ ಸಣ್ಣ ಶಾಲೆಗಳು ಕಾಣಿಸುವುದೇ ಇಲ್ಲ.

ಶಿಕ್ಷಕರು ಸಾಕೋ ಸಾಲದೋ ಎಂದು ನೋಡುವಾಗ ನಾವು ಮೊದಲು ಹಿಡಿಯುವುದು ಮಕ್ಕಳ ಸಂಖ್ಯೆಯನ್ನು. ಎಂಟರಿಂದ ಹತ್ತನೇ ತರಗತಿವರೆಗೆ ಒಟ್ಟು 60 ಮಕ್ಕಳು, ಐದು ಜನ ಶಿಕ್ಷಕರು ಎಂದುಕೊಳ್ಳಿ. 12 ಮಕ್ಕಳಿಗೆ ಒಬ್ಬರಾಯಿತು. ಕಾಗದದ ಮೇಲೆ ಇದು ಕೊರತೆಯ ಶಾಲೆಯೇ ಅಲ್ಲ. ಆ ಐವರಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಬಂದ) ಶಿಕ್ಷಕರಿಲ್ಲ ಎಂದರೆ ಮಾತ್ರ ಗಣಿತದ ಮಟ್ಟಿಗೆ ಅನುಪಾತ 60ಕ್ಕೆ ಸೊನ್ನೆ. 60 ಮಕ್ಕಳಿದ್ದರೂ 300 ಮಕ್ಕಳಿದ್ದರೂ ಪರೀಕ್ಷೆಗೆ ಅದೇ ಆರು ವಿಷಯ, ಅದೇ ಅಂಕ. ಕನ್ನಡದ ಮೇಷ್ಟ್ರು ಒಬ್ಬರು ಹೆಚ್ಚಿದ್ದರೆಂದು ಥೇಲ್ಸ್ ಪ್ರಮೇಯ ಅರ್ಥವಾಗುವುದಿಲ್ಲ.

ಹಾಗಾಗಿ ಎಣಿಸಬೇಕಾದ್ದು ಪೀರಿಯಡ್. ವಾರಕ್ಕೆ ಒಂದು ತರಗತಿಗೆ 45 ಪೀರಿಯಡ್. ಗಣಿತಕ್ಕೆ 6, ವಿಜ್ಞಾನಕ್ಕೆ 6 ಎಂದು ಹಿಡಿದರೆ ಮೂರು ತರಗತಿಗೆ 18 ಮತ್ತು 18. ಪಿಸಿಎಂ ಮತ್ತು ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರು ಇಬ್ಬರೂ ಇದ್ದರೆ ಇದು ಸಲೀಸಾಗಿ ಹಂಚಿಹೋಗುತ್ತದೆ. ಪಿಸಿಎಂ ಹುದ್ದೆ ಖಾಲಿ ಬಿತ್ತೋ, 36 ಪೀರಿಯಡ್ ಸಿಬಿಝಡ್ ಶಿಕ್ಷಕರ ತಲೆಗೆ. ಉಳಿದ 9 ಪೀರಿಯಡ್‌ನಲ್ಲಿ ಎರಡು ವಿಷಯದ ನೋಟ್ಸ್ ತಿದ್ದಬೇಕು, ರೂಪಣಾತ್ಮಕ ಮೌಲ್ಯಮಾಪನದ ಅಂಕ ಏರಿಸಬೇಕು, ಪ್ರಯೋಗಕ್ಕೆ ಸಿದ್ಧತೆ ಮಾಡಿಕೊಳ್ಳಬೇಕು. ಮೊದಲು ಕೈಬಿಡುವುದು ಪ್ರಯೋಗ. ಆಮೇಲೆ ಹಿಂದುಳಿದ ಮಕ್ಕಳ ಪರಿಹಾರ ಬೋಧನೆ. ಅದೇ ಶಾಲೆಯಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆದು ಹುದ್ದೆ ಕೊಡದಿದ್ದರೆ 36 ಹೋಗಿ 72 ಆಗುತ್ತದೆ. ವಾರದಲ್ಲಿರುವುದೇ 45. ಆಗ ಎರಡೂ ಮಾಧ್ಯಮದ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸದೆ ಬೇರೆ ದಾರಿಯಿಲ್ಲ. ಇದನ್ನು ಶಿಕ್ಷಕರ ಸೋಮಾರಿತನ ಅನ್ನುವವರು ದಯವಿಟ್ಟು ಒಮ್ಮೆ ವೇಳಾಪಟ್ಟಿ ಬರೆದು ನೋಡಿ.

ಅತಿಥಿ ಶಿಕ್ಷಕರಿದ್ದಾರಲ್ಲ ಎನ್ನಬಹುದು. ಇದ್ದಾರೆ, ಎಷ್ಟೋ ಕಡೆ ಶಾಲೆ ನಿಂತಿರುವುದೇ ಅವರಿಂದ. ಆದರೆ ಶಾಲೆ ಶುರುವಾಗುವುದು ಮೇ ಕೊನೆಗೆ. ಆಯ್ಕೆಯ ಆದೇಶ ತಡವಾದರೆ ಜೂನ್ ಹಾಗೇ ಕಳೆಯಿತು. ಜುಲೈಯಲ್ಲಿ ನಮ್ಮ ಮಳೆ. ಆಗುಂಬೆ, ನಗರ (ಬಿದನೂರು), ಹುಲಿಕಲ್ ಕಡೆ ರಜೆ ಮೇಲೆ ರಜೆ. ಆ ರಜೆಯನ್ನು ಶನಿವಾರ ಮಧ್ಯಾಹ್ನದ ತರಗತಿಯಿಂದ ತುಂಬಿಸಬೇಕು, ಆದರೆ ಇಲ್ಲದ ಶಿಕ್ಷಕರ ಪಾಠವನ್ನು ತುಂಬಿಸುವುದು ಯಾರು? ಸಮಾಂತರ ಶ್ರೇಢಿ, ರೇಖಾತ್ಮಕ ಸಮೀಕರಣದಂಥ ಬುನಾದಿ ಪಾಠ ತಪ್ಪಿದ ಮಗು ಡಿಸೆಂಬರ್‌ವರೆಗೂ ತಡವರಿಸುತ್ತದೆ. ಇನ್ನೊಂದು ತೊಡಕು ವರ್ಷದ ಆ ತುದಿಯಲ್ಲಿದೆ. ಪರೀಕ್ಷೆ-1ರಲ್ಲಿ ಪಾಸಾಗದವರಿಗೆ ಈಗ ಪರೀಕ್ಷೆ-2 ಇದೆ. ಒಂದು ವಿಷಯದಲ್ಲಿ ಫೇಲಾದ ಹುಡುಗನಿಗೆ ಪಾಠ ಬೇಕಾಗುವುದು ಬೇಸಿಗೆಯಲ್ಲಿ. ಅಷ್ಟರಲ್ಲಿ ಗಣಿತ ಹೇಳಿಕೊಟ್ಟ ಅತಿಥಿ ಶಿಕ್ಷಕರ ಅವಧಿಯೇ ಮುಗಿದಿರುತ್ತದೆ.

ಪಾಠದ ಆಚೆಗಿನ ಕೆಲಸಗಳ ಗತಿ ಇನ್ನೂ ಕಷ್ಟ. ಮುಖ್ಯ ಶಿಕ್ಷಕರ ಹುದ್ದೆ ಖಾಲಿ, ವಿಷಯ ಶಿಕ್ಷಕರಲ್ಲೇ ಒಬ್ಬರು ಪ್ರಭಾರಿ. ಗುಮಾಸ್ತರಿಲ್ಲ. ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಮತ್ತು ಯುಡೈಸ್ ತಾಣಗಳಿಗೆ ಮಕ್ಕಳ, ಶಾಲೆಯ ಮಾಹಿತಿ ಏರಿಸುವುದು, ಸ್ಕಾಲರ್‌ಶಿಪ್ ಅರ್ಜಿ, ಆಧಾರ್‌ನಲ್ಲಿನ ಹೆಸರಿನ ತಪ್ಪು, ಎಲ್ಲ ಅವರದೇ. ಇಲ್ಲಿ ಒಂದು ದಿನಾಂಕ ತಪ್ಪಿದರೂ ಪೆಟ್ಟು ಮಗುವಿಗೆ. ಎಂಟನೇ ತರಗತಿಯ ಎನ್‌ಎಂಎಂಎಸ್ ಪರೀಕ್ಷೆಗೆ ಹೆಸರು ನೋಂದಾಯಿಸದಿದ್ದರೆ ವರ್ಷಕ್ಕೆ 12,000 ರೂಪಾಯಿಯಂತೆ ಪಿಯುಸಿವರೆಗೆ ಸಿಗಬಹುದಾಗಿದ್ದ ವಿದ್ಯಾರ್ಥಿವೇತನದ ಅವಕಾಶವೇ ಹೋಯಿತು. ಅಂಗವಿಕಲ ಮಗುವಿನ ಪ್ರಮಾಣಪತ್ರ ಸಕಾಲಕ್ಕೆ ಮಂಡಳಿಗೆ ಹೋಗದಿದ್ದರೆ ಪರೀಕ್ಷೆಯಲ್ಲಿ ಬರೆಯಲು ಸಹಾಯಕರು, ಹೆಚ್ಚುವರಿ ಸಮಯ ಸಿಗುವುದು ಕಷ್ಟ.

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇಂಥ ಪ್ರೌಢಶಾಲೆಯಲ್ಲಿ ಆಪ್ತಸಮಾಲೋಚಕರ ಹುದ್ದೆಯೇ ಇಲ್ಲ. ಮನೆಯಲ್ಲಿ ಕುಡಿತ, ಬಾಲ್ಯವಿವಾಹದ ಮಾತುಕತೆ, ಹಾಸ್ಟೆಲಿನ ಒಂಟಿತನ, ಇವೆಲ್ಲ ಬಂದು ನಿಲ್ಲುವುದು ತರಗತಿ ಶಿಕ್ಷಕರ ಮುಂದೆ, ಅವರಿಗೆ ಬಿಡುವಿದ್ದರೆ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಈ ಎರಡು ಸಂಖ್ಯೆ ಗೋಡೆಯ ಮೇಲಿರಲಿ. ಆದರೆ ಸಂಜೆ ಮನೆಗೆ ಹೋದರೆ ನೆಟ್‌ವರ್ಕ್ ಸಿಗದ ಊರುಗಳಿವು. ನಾಲ್ಕೈದು ಪ್ರೌಢಶಾಲೆಗೆ ಸೇರಿ ಒಬ್ಬ ಸಮಾಲೋಚಕರು, ಪ್ರತಿ ಶಾಲೆಗೆ ವಾರದಲ್ಲಿ ಒಂದು ನಿಗದಿತ ದಿನ, ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ. ಇಷ್ಟು ಕೊಡಲಾಗದ್ದೇನಲ್ಲ.

ಹೊಸ ನೇಮಕಾತಿ ಬರುವವರೆಗೆ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಮಾಡಬಹುದಾದ್ದು ಇದೆ. ಏಪ್ರಿಲ್‌ನಲ್ಲೇ ಸಭೆ ಕರೆಯಿರಿ. ಮಂಜೂರಾದ, ಭರ್ತಿಯಾದ, ಖಾಲಿ ಇರುವ ಹುದ್ದೆಗಳನ್ನು ವಿಷಯವಾರು ಬರೆಸಿ. ನಿಯೋಜನೆ ಮೇಲೆ ಬೇರೆಡೆ ಹೋದವರನ್ನು ಪ್ರತ್ಯೇಕವಾಗಿ ತೋರಿಸಿ, ಯಾಕೆಂದರೆ ಅವರ ಹುದ್ದೆ ದಾಖಲೆಯಲ್ಲಿ ಭರ್ತಿ, ತರಗತಿಯಲ್ಲಿ ಖಾಲಿ. ಪಕ್ಕದಲ್ಲಿ ವಾರದ ಪೀರಿಯಡ್ ಲೆಕ್ಕ ಹಾಕಿ, ನಡಾವಳಿಯ ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. "ಶಿಕ್ಷಕರ ಕೊರತೆ ಇದೆ" ಎಂಬ ಅರ್ಜಿಗಿಂತ "ಗಣಿತಕ್ಕೆ ವಾರಕ್ಕೆ 18 ಪೀರಿಯಡ್ ಖಾಲಿ" ಎಂಬ ಅರ್ಜಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಎರಡು ಶಾಲೆಗೆ ಒಬ್ಬರೇ ಗಣಿತ ಶಿಕ್ಷಕರನ್ನು ಹಂಚುವುದಾದರೆ ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ ಎಂದಿರಲಿ. ಒಂದೇ ದಿನ ಎರಡೂ ಕಡೆ ಓಡಾಡಿಸಿದರೆ ಮಲೆನಾಡಿನ ಬಸ್ಸಿನಲ್ಲಿ ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ. ಹೆಚ್ಚುವರಿ ಎಂದು ಯಾರನ್ನಾದರೂ ಎತ್ತುವ ಮುಂಚೆ ಅವರ ವಿಷಯಕ್ಕೆ ಆ ಶಾಲೆಯಲ್ಲಿ ಇನ್ನೊಬ್ಬರು ಇದ್ದಾರೆಯೇ ಎಂದು ಕೇಳಿ. ಇಲ್ಲದಿದ್ದರೆ ಆಕ್ಷೇಪಣೆಯನ್ನು ಲಿಖಿತವಾಗಿ, ವರ್ಗಾವಣೆ ಕೌನ್ಸೆಲಿಂಗ್‌ಗೆ ಮುಂಚೆಯೇ ಸಲ್ಲಿಸಿ.