ಮೊದಲು ಮುಳ್ಳು, ಮಿಕ್ಕಿದ್ದೆಲ್ಲ ಆಮೇಲೆ

ನಮ್ಮ ಬೀದಿಯ ಹುಡುಗ ಮೊನ್ನೆ ಸಂಜೆ ಮನೆಗೆ ಬಂದಿದ್ದ. "ಅಣ್ಣಾ, ಹತ್ತು ಸಾವಿರ ಕೂಡಿಟ್ಟಿದ್ದೀನಿ. ಟರ್ನ್‌ಟೇಬಲ್ ಸೌಂಡು ಚೆನ್ನಾಗಾಗ್ಬೇಕು. ಒಳ್ಳೆ ಕೇಬಲ್ ಹಾಕಿಸ್ಲಾ, ಇಲ್ಲ ಹೊಸ ಪ್ರೀ-ಆಂಪ್ ತಗೊಳ್ಲಾ?" ಅಂದ. (ಪ್ರೀ-ಆಂಪ್ ಅಂದರೆ ಪ್ಲೇಯರ್‌ನಿಂದ ಬರುವ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಪೆಟ್ಟಿಗೆ.) ರೆಕಾರ್ಡ್ ಪ್ಲೇಟಿನ ಗೆರೆಯಲ್ಲಿ ಓಡುತ್ತಲ್ಲ, ಆ ಮುಳ್ಳು ಬದಲಾಯಿಸಿ ಎಷ್ಟು ದಿನ ಆಯ್ತು ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಪ್ಲೇಯರ್ ಸೆಕೆಂಡ್ ಹ್ಯಾಂಡ್, ಮುಳ್ಳು ಅದರ ಜೊತೆಗೇ ಬಂದಿದ್ದು.

ದಯವಿಟ್ಟು ಈ ತಪ್ಪು ಮಾಡಬೇಡಿ. ಸವೆದ ಮುಳ್ಳು ಸೌಂಡನ್ನಷ್ಟೇ ಅಲ್ಲ, ಪ್ಲೇಟನ್ನೇ ಕೆಡಿಸುತ್ತದೆ. ನಮ್ಮಪ್ಪ ಗುಬ್ಬಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡಿದ್ದ ವಚನಗಳ ಎಲ್‌ಪಿ ಒಂದಿದೆ. ಅದರ ಕೊನೆಯ ಹಾಡು, ಲೇಬಲ್ ಹತ್ತಿರದ್ದು, ಪ್ರತಿ 'ಸ'ಕಾರಕ್ಕೂ ಶ್ಶ್ ಅಂತ ಒಡೆಯುತ್ತಿತ್ತು. ಹೊಸ ಮುಳ್ಳು ಹಾಕಿದೆ. ಬೇರೆ ಪ್ಲೇಟುಗಳೆಲ್ಲ ಸರಿಯಾದವು, ಅದೊಂದು ಆಗಲಿಲ್ಲ. ಹಳೇ ಮುಳ್ಳು ಅದರ ಗೆರೆಯನ್ನೇ ಕೆರೆದು ಹಾಕಿತ್ತು. ಇವತ್ತಿಗೂ ಆ ಹಾಡು ಬಂದಾಗ ಸಂಕಟವಾಗುತ್ತದೆ.

ಲೆಕ್ಕ ಹೇಳ್ತೀನಿ ಕೇಳಿ. ಮುಳ್ಳು ತಯಾರಿಸುವ ಕಂಪನಿ ಆಡಿಯೋ-ಟೆಕ್ನಿಕಾದವರೇ ಹೇಳುವ ಪ್ರಕಾರ ಎಲಿಪ್ಟಿಕಲ್ (ತುದಿ ಮೊಟ್ಟೆಯಾಕಾರದ) ಮುಳ್ಳಿಗೆ ಸುಮಾರು 300 ಗಂಟೆ ಆಯಸ್ಸು, ಮೈಕ್ರೋಲೈನ್ (ತುದಿ ಇನ್ನೂ ಸೂಕ್ಷ್ಮವಾಗಿ ಕೆತ್ತಿದ) ಮುಳ್ಳಿಗೆ 1000 ಗಂಟೆ. ದಿನಕ್ಕೊಂದು ಎಲ್‌ಪಿ, ಅಂದರೆ ಮುಕ್ಕಾಲು ಗಂಟೆಗೆ ಸ್ವಲ್ಪ ಕಮ್ಮಿ ಕೇಳುವವರಿಗೆ ಮೊದಲನೆಯದು ಒಂದೂಕಾಲು ವರ್ಷ ಬಂದರೆ ಎರಡನೆಯದು ನಾಲ್ಕು ವರ್ಷ ಬರುತ್ತದೆ. ಅವರ ವಿಎಂ95 ಕಾರ್ಟ್ರಿಡ್ಜ್‌ನಲ್ಲಿ (ಮುಳ್ಳು ಕೂರುವ ಪುಟ್ಟ ಡಬ್ಬಿ) ಹಸಿರು ಎಲಿಪ್ಟಿಕಲ್ ಮುಳ್ಳು ಎಳೆದು ತೆಗೆದು ಕೆಂಪು ಮೈಕ್ರೋಲೈನ್ ಸಿಕ್ಕಿಸಿದರೆ ಮುಗೀತು, ಸ್ಕ್ರೂ ಮುಟ್ಟೋದೇ ಬೇಡ. ಕೆಂಪಿಗೆ ದುಡ್ಡು ಜಾಸ್ತಿನೇ. ಆದರೆ ಲೇಬಲ್ ಹತ್ತಿರದ ಹಾಡು ಅಷ್ಟು ಶುದ್ಧವಾಗಿ ಬರೋದು ಅದರಲ್ಲೇ. ದುಡ್ಡು ಹಾಕೋದಾದರೆ ನಾನು ಅಲ್ಲಿ ಹಾಕ್ತೀನಿ.

ಅದಕ್ಕೂ ಮುಂಚೆ ತೂಕ, ಅಂದರೆ ಮುಳ್ಳು ಪ್ಲೇಟನ್ನು ಒತ್ತುವ ಭಾರ. ಆ ಹುಡುಗನ ಪ್ಲೇಯರ್ ಆರ್ಮ್ (ಮುಳ್ಳು ಹಿಡಿದ ಕೋಲು) ಮೇಲೆ 2 ಗ್ರಾಂ ಅಂತ ತೋರಿಸುತ್ತಿತ್ತು. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಮೇಲೆ ಮುಳ್ಳು ಇಳಿಸಿದೆ. 1.4 ಗ್ರಾಂ! ಅವನದೂ ವಿಎಂ95, ಅದಕ್ಕೆ 1.8ರಿಂದ 2.2 ಬೇಕು. ತೂಕ ಕಮ್ಮಿ ಇದ್ದರೆ ಪ್ಲೇಟಿಗೆ ಒಳ್ಳೇದು ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಹಗುರವಾದ ಮುಳ್ಳು ಗೆರೆಯೊಳಗೆ ಕೂರದೆ ಕುಣಿಯುತ್ತದೆ, ಕುಣಿದಷ್ಟೂ ಗೋಡೆಗೆ ಬಡಿಯುತ್ತದೆ.

ಆಮೇಲೆ ಧೂಳು. ನಮ್ಮ ತುಮಕೂರಿನ ಶಿರಾ ಗೇಟ್ ಕಡೆ ಬೇಸಿಗೆಯಲ್ಲಿ ಕಿಟಕಿ ತೆಗೆದಿಟ್ಟು ಪ್ಲೇಟ್ ಹಾಕಿ ನೋಡಿ, ಒಂದು ಸೈಡ್ ಮುಗಿಯುವಷ್ಟರಲ್ಲಿ ಮುಳ್ಳಿನ ತುದಿಯಲ್ಲಿ ಬೂದು ಬಣ್ಣದ ಸಣ್ಣ ಉಂಡೆ ಕಟ್ಟಿರುತ್ತದೆ. ಕಾರ್ಬನ್ ಫೈಬರ್ ಬ್ರಷ್ ಒಂದು ಕೊಳ್ಳಿ. ತುಂಬಾ ಕೊಳೆಯಾದ ಎಲ್‌ಪಿಗಳನ್ನು ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ಅಜ್ಜನ ಕಾಲದ 78 ಆರ್‌ಪಿಎಂ ಪ್ಲೇಟಿಗೆ ಮಾತ್ರ ಸ್ಪಿರಿಟ್ ಸೋಕಿಸಬೇಡಿ. ಅದು ಅರಗಿನದು, ಕರಗುತ್ತದೆ. ಅದಕ್ಕೆ ಎಲ್‌ಪಿ ಮುಳ್ಳೂ ಆಗಲ್ಲ, ದಪ್ಪ ಮುಳ್ಳೇ ಬೇಕು.

ಪ್ಲೇಯರ್ ಇಟ್ಟ ಟೇಬಲ್ ಮೇಲೇ ಸ್ಪೀಕರ್ ಇಡಬೇಡಿ, ಅದರ ಅದುರು ಮುಳ್ಳಿಗೂ ತಾಕುತ್ತದೆ. ಇದಕ್ಕೆ ಕಾಸೂ ಖರ್ಚಿಲ್ಲ. ನನ್ನ ಟೀಪಾಯಿ ಅಲ್ಲಾಡುತ್ತಿತ್ತು, ಕಲ್ಲಿನ ಅಂಗಡಿಯಲ್ಲಿ ಉಳಿದಿದ್ದ ಗ್ರಾನೈಟ್ ತುಂಡು ತಂದು, ಕೆಳಗೆ ರಬ್ಬರ್ ಕೊಟ್ಟು, ಮಟ್ಟ ನೋಡಿ ಕೂರಿಸಿದೆ. ಅಷ್ಟು ಸಾಕು.

ಪ್ರೀ-ಆಂಪ್ ಇವೆಲ್ಲ ಆದಮೇಲೆ ಯೋಚಿಸಿ. ದುಬಾರಿ ಕೇಬಲ್ ಬೇಡವೇ ಬೇಡ. ಗುಂಯ್ ಅನ್ನುತ್ತಿದ್ದರೆ ಮೊದಲು ಅರ್ತ್ ವೈರ್ ಬಿಗಿಯಾಗಿದೆಯಾ ನೋಡಿ.

ತುಮಕೂರಿನವರು ಯಾರಾದರೂ ತೂಕ ನೋಡಬೇಕಿದ್ದರೆ ಮೆಸೇಜ್ ಮಾಡಿ. ಭಾನುವಾರ ಮನೇಲೇ ಇರ್ತೀನಿ, ತಕ್ಕಡಿ ತಗೊಂಡು ಹೋಗಿ, ವಾರದೊಳಗೆ ವಾಪಸ್ ಕೊಟ್ಟರಾಯ್ತು.