ಕುಡಿದು ಸಿಕ್ಕಿಬಿದ್ದರೆ ಶಾಸಕರ ಸೀಟು ಹೋಗುತ್ತಾ? ಒಂದು ಸ್ಪಷ್ಟನೆ

"ಕುಡಿದು ಗಾಡಿ ಓಡಿಸಿ ಕೇಸಾದರೆ ಎಂಎಲ್‌ಎ ಪದವಿ ಅವತ್ತೇ ರದ್ದು. ಮತದಾರರೂ ವಾಪಸ್ ಕರೆಸಬಹುದು." ಈ ಮೆಸೇಜು ತುಮಕೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಶಿರಾ ಗೇಟ್ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿ, ಗಾಜು ಇಳಿಸಿ, ಮಿಷಿನ್ ಹಿಡಿದು "ಊದಿ ಸಾರ್" ಅಂದರೆ ನಿಮಗೂ ಶಾಸಕರಿಗೂ ಲೆಕ್ಕ ಒಂದೇ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಕೇಸು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಆದರೆ ಇಂಥ ಕೇಸಿನಲ್ಲಿ ಸೀಟು ಹೋಗಬೇಕಾದರೆ 1951ರ ಜನಪ್ರತಿನಿಧಿ ಕಾಯ್ದೆ ಪ್ರಕಾರ ಕನಿಷ್ಠ ಎರಡು ವರ್ಷ ಶಿಕ್ಷೆ ಆಗಬೇಕು. ಬರೀ ಕೇಸು ಬಿದ್ದರೆ ಸಾಲದು.

"ಅವತ್ತೇ ರದ್ದು" ಅನ್ನೋದು ಬಹುಶಃ 2013ರ ಲಿಲಿ ಥಾಮಸ್ ತೀರ್ಪಿನಿಂದ ಬಂದದ್ದು. ಮೊದಲು ಶಿಕ್ಷೆಯಾದ ಶಾಸಕರು ಮೇಲ್ಮನವಿ ಹಾಕಿ ಸೀಟು ಉಳಿಸಿಕೊಳ್ಳುತ್ತಿದ್ದರು. ಸುಪ್ರೀಂ ಕೋರ್ಟ್ ಆ ದಾರಿ ಮುಚ್ಚಿತು, ಅಷ್ಟೇ.

ಕುಡಿತದ ಚಟ ಹತ್ತಿ ಸದನದ ಕಡೆ ತಲೆಯನ್ನೇ ಹಾಕದಿದ್ದರೆ ಅದು ಬೇರೆ ಮಾತು. ಅನುಮತಿ ಇಲ್ಲದೆ 60 ದಿನ ಗೈರಾದರೆ, ಸಂವಿಧಾನದ 190ನೇ ವಿಧಿಯಂತೆ ಸದನವೇ ಆ ಸ್ಥಾನ ಖಾಲಿ ಎಂದು ಹೇಳಬಹುದು. ಆದರೆ ಸತತ ನಾಲ್ಕು ದಿನಕ್ಕಿಂತ ಜಾಸ್ತಿ ಕಲಾಪ ಮುಂದೂಡಿದ್ದರೆ ಆ ದಿನಗಳು ಲೆಕ್ಕಕ್ಕಿಲ್ಲ. ನಮ್ಮ ಅಧಿವೇಶನ ನಡೆಯೋ ರೀತಿ ನೋಡಿದರೆ 60 ತುಂಬೋದೇ ಕಷ್ಟ, ಬಿಡಿ.

ಇನ್ನು ವಾಪಸ್ ಕರೆಸೋ ವಿಚಾರ. ಶಾಸಕರಿಗೆ ಅಂಥ ಕಾನೂನೇ ಇಲ್ಲ. ಜಿಲ್ಲೆಯ 11 ಕ್ಷೇತ್ರದ ಮತದಾರರೂ ಮುಂದಿನ ಚುನಾವಣೆವರೆಗೆ ಕಾಯಲೇಬೇಕು.