ಪಿಯರ್ ಕಳ್ಳ ಎಂದರೆ ದೊರೆ ಕೆನ್ನೆ ಮುಟ್ಟಿಕೊಂಡ

1830ರ ಜುಲೈಯಲ್ಲಿ ಪ್ಯಾರಿಸ್ಸಿನ ಜನ ಒಬ್ಬ ದೊರೆಯನ್ನು ಓಡಿಸಿದರು. ಆ ಜಾಗಕ್ಕೆ ಲೂಯಿ ಫಿಲಿಪ್ ಬಂದ. ಕಿರೀಟಕ್ಕಿಂತ ಕೊಡೆಯೇ ಲೇಸೆಂದು ಬಗಲಲ್ಲಿ ಕೊಡೆ ಇಟ್ಟುಕೊಂಡು ತಿರುಗುತ್ತಿದ್ದ ಸಾಧು ದೊರೆ. ಪತ್ರಿಕೆಗಳ ಮೇಲೆ ಸೆನ್ಸಾರ್ ಇನ್ನೆಂದೂ ಬಾರದು ಎಂದು ರಾಜ್ಯದ ಸಂವಿಧಾನದಂತಿದ್ದ ಸನದಿನಲ್ಲೇ ಬರೆಸಿದ್ದರು.

ಆ ಮಾತಿಗೆ ವರ್ಷ ತುಂಬುವ ಮೊದಲೇ ಶಾರ್ಲ್ ಫಿಲಿಪೊನ್ ಎಂಬ ವ್ಯಂಗ್ಯಚಿತ್ರಕಾರ ಒಂದು ಕಲ್ಲಚ್ಚಿನ ಚಿತ್ರ ಹೊರತಂದ. ಅದರಲ್ಲಿ ದೊರೆಯನ್ನು ಹೋಲುವ ಗಾರೆಯವನೊಬ್ಬ ಗೋಡೆಯ ಮೇಲಿನ ಜುಲೈ ಭರವಸೆಗಳಿಗೆ ಗಾರೆ ಮೆತ್ತುತ್ತಿದ್ದ. ಸರ್ಕಾರ ಕೋರ್ಟಿಗೆ ಎಳೆಯಿತು.

ನವೆಂಬರ್ 14, 1831. ಫಿಲಿಪೊನ್ ಕಟಕಟೆಯಲ್ಲಿ ನಿಂತು ನಾಲ್ಕು ಮುಖ ಬಿಡಿಸಿದ. ಮೊದಲನೆಯದು ಅಚ್ಚುಕಟ್ಟಾಗಿ ದೊರೆಯೇ. ಎರಡನೆಯದರಲ್ಲಿ ಕೆನ್ನೆ ತುಸು ಜೋತಿತು. ಮೂರನೆಯದರಲ್ಲಿ ಮುಂಗೂದಲು ತೊಟ್ಟಿನಂತಾಯಿತು. ನಾಲ್ಕನೆಯದು ಶುದ್ಧ ಪಿಯರ್ ಹಣ್ಣು. ಹೋಲಿಕೆಯೇ ಅಪರಾಧವಾದರೆ ಇದನ್ನೂ ಜೈಲಿಗೆ ಹಾಕಬೇಕಲ್ಲವೇ ಎಂಬುದು ಅವನ ವಾದ. ಹಣ್ಣು ಪಾರಾಯಿತು. ಬಿಡಿಸಿದವನಿಗೆ ಆರು ತಿಂಗಳು ಸೆರೆ, 2000 ಫ್ರಾಂಕ್ ದಂಡ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕಥೆ ನಮಗೆ ಗೊತ್ತು. ಆದರೆ ಅವನು ಮುಟ್ಟಿಕೊಂಡದ್ದು ತನ್ನ ಹೆಗಲನ್ನು. ದೊರೆಯ ಪರವಾಗಿ ಕೆನ್ನೆ ಮುಟ್ಟಿ ನೋಡಲು ಇಲ್ಲಿ ಸಂಬಳದ ವಕೀಲರಿದ್ದರು. ಊರಿನ ಪೋಕರಿಗಳು ಪ್ಯಾರಿಸ್ಸಿನ ಗೋಡೆಗಳ ಮೇಲೆಲ್ಲ ಪಿಯರ್ ಗೀಚತೊಡಗಿದರು. ಇನ್ನೊಂದು ಚಿತ್ರದಲ್ಲಿ ಇದೇ ಪಿಯರ್ ತಲೆಯ ದೈತ್ಯನ ಬಾಯಿಗೆ ಏಣಿ ಇಟ್ಟು, ಬಡವರ ಕಾಸನ್ನು ಬುಟ್ಟಿಗಟ್ಟಲೆ ಸುರಿಸಿದ ಕಲಾವಿದ ದೋಮಿಯೆಯೂ ಸೆರೆಮನೆ ಕಂಡ.

1834ರಲ್ಲಿ ಫಿಲಿಪೊನನ ‘ಶಾರಿವಾರಿ’ ಪತ್ರಿಕೆಗೆ ಮತ್ತೆ ಶಿಕ್ಷೆಯಾಯಿತು. ತೀರ್ಪನ್ನು ಪತ್ರಿಕೆಯಲ್ಲೇ ಅಚ್ಚು ಹಾಕಬೇಕೆಂದೂ ಆಯಿತು. ಅಪ್ಪಣೆ ಪಾಲಿಸದಿರಲು ಆದೀತೇ? ಅಕ್ಷರ ಬಿಡದೆ ಹಾಕಿದರು. ಮೇಲಿನ ಸಾಲುಗಳು ಗಿಡ್ಡ, ಕೆಳಗಿಳಿದಂತೆ ಉದ್ದ, ತಳದಲ್ಲಿ ದುಂಡಗೆ. ಘನ ನ್ಯಾಯಾಲಯದ ಗದ್ಯವೇ ಪಿಯರ್ ಆಗಿ ಕುಳಿತಿತ್ತು.

1835ರ ಸೆಪ್ಟೆಂಬರಿನಲ್ಲಿ ಹೊಸ ಕಾನೂನು ಬಂತು. ಬರೆದ ಮಾತಿಗೆ ಮುಂಗಡ ಅಪ್ಪಣೆ ಬೇಡ. ಚಿತ್ರಕ್ಕೆ ಬೇಕು, ಯಾವ ಚಿತ್ರವೇ ಆಗಲಿ. ತೋಟಗಾರಿಕೆಯ ಪುಸ್ತಕಕ್ಕೆ ಹಣ್ಣು ಬಿಡಿಸುವ ಬಡಪಾಯಿಗೂ ವಿನಾಯಿತಿಯಿಲ್ಲ. ಕಚೇರಿಯ ಗುಮಾಸ್ತ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ, ಬೆಳಕಿಗೆ ಹಿಡಿದು, ತೊಟ್ಟಿನ ಕೆಳಗೆ ಎಲ್ಲಾದರೂ ಕಣ್ಣುಮೂಗು ಕಂಡೀತೇ ಎಂದು ಹುಡುಕಿರಬೇಕು.